ಹಾಲು ಬಂದರೆ ಬಿಡು

ಮಿಲ್ಡುರಾದಲ್ಲಿ ಜನವರಿ ಎಂದರೆ
ಕಾರಿನ ಬಾಗಿಲನ್ನು ಅಂಗಿಯ ತುದಿ ಸುತ್ತಿ ತೆಗೆಯಬೇಕು.
ಹುಲ್ಲೆಲ್ಲ ಹಪ್ಪಳ.
ಕಾಲುದಾರಿಯ ಕಾಂಕ್ರೀಟು ಬಿರಿದಲ್ಲಿ ಮಾತ್ರ
ಯಾರ ಹಂಗೂ ಇಲ್ಲದೆ
ಕೆಂಪು ಕಡ್ಡಿ ಚಾಚಿ ಅಂಗಾತ ಮಲಗಿದೆ
ಗೋಣಿಸೊಪ್ಪು.

ಒಣದ್ರಾಕ್ಷಿ ತುಂಬುವ ಶೆಡ್ಡಿನಿಂದ ಪಾಳಿ ಮುಗಿಸಿ ಬರುತ್ತ
ಮೊದಲ ಸಲ ಕಂಡಾಗ ಕುಕ್ಕರಗಾಲಲ್ಲಿ ಕೂತೆ.
‘ನೀನೂ ಬಂದೆಯಾ ಇಷ್ಟು ದೂರ?’
ಮಾರನೆಯ ದಿನ ಜೊತೆಯವಳು ಮೆರ್ಲ್ ತಿದ್ದಿದಳು:
ಅದು ಬಂದದ್ದಲ್ಲ, ಇದ್ದದ್ದು.
ಅವಳ ಮುತ್ತಜ್ಜಿಯರು ಅದರ ಬೀಜ ಕಲ್ಲಲ್ಲಿ ಅರೆದು
ಕೆಂಡದ ಮೇಲೆ ರೊಟ್ಟಿ ಸುಡುತ್ತಿದ್ದರಂತೆ.
ಬಂದವಳು ನಾನು.

ಪಕ್ಕದ ಮನೆಯ ಸ್ತವ್ರೂಲಾ ಬೇಲಿಯಾಚೆ ನಕ್ಕಳು.
ಅವಳ ಭಾಷೆಯಲ್ಲಿ ಇದು ಗ್ಲಿಸ್ತ್ರಿದಾ.
ವಟವಟ ಅನ್ನುವವರನ್ನು ಅವಳೂರಲ್ಲಿ ಕೇಳುತ್ತಾರಂತೆ
‘ಏನು, ಗ್ಲಿಸ್ತ್ರಿದಾ ತಿಂದು ಬಂದೆಯಾ?’
ನಾಲಿಗೆ ಜಾರಿಸುವ ಸೊಪ್ಪು.
ನನಗೆ ಬಸ್ಸಾರು, ಅವಳಿಗೆ ಮೊಸರು, ಸೌತೆ, ಆಲಿವ್ ಎಣ್ಣೆ.

ಒಂದು ಸಂಜೆ ಅವಳ ಮೊಮ್ಮಗ ಥಾನಾಸಿ
ಟೋಪಿ ತುಂಬ ಕಿತ್ತು ತಂದ.
ಮೇಲೆ ಒಂದು ಕಡ್ಡಿ ತೆಳ್ಳಗಿತ್ತು, ನಾರುನಾರು.
ಮುರಿದೆ. ಬಿಳಿ ಹಾಲು ಜಿನುಗಿತು.
ಹಾಲುಕ್ಕಿದರೆ ಶುಭ ಎನ್ನುವ ಮನೆಯವಳು ನಾನು,
ಆದರೂ ಟೋಪಿಯನ್ನು ಕಸದ ಡಬ್ಬಿಗೆ ಕೊಡವಿದೆ,
ನಲ್ಲಿ ಕೆಳಗೆ ಅವನ ಕೈ ತಿಕ್ಕಿದೆ.
‘ನೋಡು ಮರಿ, ನಮ್ಮದರ ಕಡ್ಡಿ ದಪ್ಪ, ನುಣ್ಣಗೆ,
ಒಳಗೆ ಬರೀ ನೀರು. ಹಾಲು ಬಂದರೆ ಬಿಡು.
ಅದು ಬೇರೆಯವರ ಮಗು,
ಹೊಟ್ಟೆ ಸುಡುತ್ತದೆ.’
ಎಲ್ಲಿ ಕಿತ್ತೆ ಎಂದರೆ ಅಂಚೆಪೆಟ್ಟಿಗೆ ಹತ್ತಿರ ಎಂದ.
ಅಲ್ಲಿ ನೆಲದ ಮೇಲೆ ನೀಲಿ ಕಲೆ,
ಕೌನ್ಸಿಲಿನವರು ಕಳೆಗೆ ಮದ್ದು ಹೊಡೆದ ಗುರುತು.
ಅಯ್ಯೋ ನನ್ನಪ್ಪಾ, ಇನ್ನೊಮ್ಮೆ ಕೈ ತಿಕ್ಕಿದೆ.

ಆಮೇಲೆ ನನ್ನ ಕಲ್ಲು.
ಸಾಸಿವೆಗಿಂತ ದೊಡ್ಡದು, ಕಡಲೆಗಿಂತ ಸಣ್ಣದು,
ರಾತ್ರಿ ಎರಡಕ್ಕೆ ಬೆನ್ನಿನಿಂದ ತೊಡೆಗೆ ಇಳಿದು
ನನ್ನನ್ನು ಬಚ್ಚಲ ನೆಲದ ಮೇಲೆ ಹೊರಳಾಡಿಸಿದ್ದು.
ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಇಮೋಜೆನ್
ಪಟ್ಟಿ ಕೊಟ್ಟಳು: ಪಾಲಕ್ ಬೇಡ, ಬೀಟ್‌ರೂಟ್, ಬಾದಾಮಿ ಕಡಿಮೆ.
ಗೋಣಿಸೊಪ್ಪು ಪಟ್ಟಿಯಲ್ಲೇ ಇಲ್ಲ.
ಹಿಗ್ಗಿದೆ. ಬಾಯಿ ಮುಚ್ಚಿಕೊಂಡು ಎದ್ದು ಬರಬಹುದಿತ್ತು.
ನಾಲಿಗೆ ಜಾರಿತು, ಫೋಟೋ ತೋರಿಸಿದೆ.
‘ಇದು ಕಳೆಯಲ್ಲವಾ? ತಿನ್ನುತ್ತೀರಾ?’
ಹುಡುಕಿದಳು, ಓದಿದಳು, ಹುಬ್ಬೇರಿಸಿದಳು:
ಎಲೆಸೊಪ್ಪಿನಲ್ಲಿ ಅಪರೂಪದ ಒಮೆಗಾ ಮೂರು,
ಮೆಗ್ನೀಸಿಯಂ, ಪೊಟ್ಯಾಸಿಯಂ, ಸಿ ಜೀವಸತ್ವ.
ನನ್ನ ಅಜ್ಜಿ ಇಷ್ಟಕ್ಕೆಲ್ಲ ಸೇರಿಸಿ
‘ತಂಪು ಕಣೇ’ ಅಂದುಬಿಡುತ್ತಿದ್ದಳು.
ಇಮೋಜೆನ್ ಇನ್ನೂ ಓದುತ್ತಿದ್ದಳು, ಹುಬ್ಬು ಇಳಿಯಿತು.
ಆಕ್ಸಲೇಟು. ಪಾಲಕ್ಕಿನಷ್ಟೇ, ಮೇಲೆ ಒಂದು ಹಿಡಿ.
ಹಸಿಯಾಗಿ ಬೇಡ. ಬೇಯಿಸಿ.
ಯಾವಾಗಲೋ ಒಮ್ಮೆ, ಸ್ವಲ್ಪ, ಮೊಸರಿನ ಜೊತೆ.
ಬೇಯಿಸಿದ ನೀರು ಚೆಲ್ಲಿ.

ನೀರು ಚೆಲ್ಲಬೇಕಂತೆ!
ತಾಯೀ, ಬಸಿದ ನೀರೇ ನಮ್ಮ ಸಾರು.
ಕಾಳು ರುಬ್ಬಿ, ಬೆಳ್ಳುಳ್ಳಿ ಸುಟ್ಟು, ಹುಣಿಸೆ ಕಿವುಚಿ
ಆ ನೀರಿಗೆ ಹಾಕಿದರೇ ಬಸ್ಸಾರು.
ನೀರು ಚೆಲ್ಲಿದರೆ ಉಳಿಯುವುದು ಹೆಸರಿನ ಬಾಲ.
ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ,
ತಲೆಯಾಡಿಸಿ ಬಂದೆ.

ಭಾನುವಾರ ಹಿತ್ತಿಲಲ್ಲಿ ನಾನೇ ಬೆಳೆಸಿದ್ದನ್ನು ಚಿವುಟಿದೆ,
ಮೂರು ನೀರಲ್ಲಿ ತೊಳೆದೆ, ಕುದಿಸಿದೆ,
ತಟ್ಟೆ ಮುಚ್ಚಿ ಬಸಿದೆ.
ತಿಳಿಹಸಿರು ನೀರಿನ ಹಬೆ ಮುಖಕ್ಕೆ ಹೊಡೆಯಿತು.
ಒಂದು ಸೌಟು? ಅರ್ಧ ಸೌಟು?
ಸೌಟು ಕೈಯಲ್ಲೇ ಇತ್ತು.
ಸೊಂಟದಲ್ಲಿ ಏನೋ ಚುಳ್ ಅಂದಂತಾಯಿತು,
ಕಲ್ಲೋ, ಇಮೋಜೆನ್ನೋ.

ಆರಿದ ಮೇಲೆ ನಿಂಬೆ ಗಿಡದ ಬುಡಕ್ಕೆ ಹೊಯ್ದೆ.
ಸ್ತವ್ರೂಲಾ ಬೇಲಿಯ ಮೇಲಿಂದ ಮೊಸರಿನ ಬಟ್ಟಲು ದಾಟಿಸಿ
ಕೇಳಿದಳು: ಯಾಕಿವತ್ತು ಮಾತೇ ಇಲ್ಲ?

ತಿಂದದ್ದು ಎರಡೇ ಚಮಚ ಕಣಮ್ಮ, ಎಂದೆ,
ಉಳಿದ ಮಾತೆಲ್ಲ ನಿಂಬೆಗೆ ಹೋಯಿತು.